ಗಂಟು ಸಿಕ್ಕರೆ ಒಂದು ದಾರಿ, ಸಿಗದಿದ್ದರೆ ಇನ್ನೊಂದು: ಸ್ತನ ಕ್ಯಾನ್ಸರ್ ಪರೀಕ್ಷೆಯ ಮಾರ್ಗದರ್ಶಿ

ಸ್ನಾನ ಮಾಡುವಾಗ ಸೋಪು ಹಚ್ಚಿದ ಬೆರಳಿಗೆ ಏನೋ ತಡೆಯಿತು. ಇನ್ನೊಮ್ಮೆ ಒತ್ತಿ ನೋಡಿದೆ. ಹೌದು, ಗಂಟು. ನೋವಿರಲಿಲ್ಲ. ‘ನೋವೇ ಇಲ್ಲ ಅಂದ ಮೇಲೆ ಏನಿರುತ್ತೆ ಬಿಡು’ ಅಂದುಕೊಂಡು ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಹೀಗೇ ಮೂರು ತಿಂಗಳು ಕಳೆಯಿತು. ಕೊನೆಗೆ ಡಾಕ್ಟರ ಮುಂದೆ ಕೂತಾಗ ಅವರು ಕೇಳಿದ ಮೊದಲ ಮಾತು, ‘ಯಾವಾಗಿಂದ ಇದೆ?’ ‘ಎರಡು ವಾರದಿಂದ’ ಅಂತ ಸುಳ್ಳು ಹೇಳಿದೆ. ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೂ ಆ ಮೂರು ತಿಂಗಳು ನೆನಪಾದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಸ್ತನ ಕ್ಯಾನ್ಸರಿನಲ್ಲಿ ಜಾಸ್ತಿ ಮೋಸ ಮಾಡುವ ಮಾತು ಇದೇ: ನೋವಿಲ್ಲ. ಶುರುವಿನಲ್ಲಿ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ಬರೀ ನೋವಿದ್ದು ಬೇರೇನೂ ಕಾಣದಿದ್ದರೆ ಅದು ಮುಟ್ಟಿನ ಹಾರ್ಮೋನಿನ ಏರಿಳಿತದಿಂದ ಬಂದಿರುವುದೇ ಹೆಚ್ಚು. ನಾವು ಮಾಡುವುದು ತಿರುಗಾಮುರುಗಾ. ನೋವು ಬಂದರೆ ಓಡುತ್ತೇವೆ, ಗಂಟು ಬಂದರೆ ಕಾಯುತ್ತೇವೆ.

ಕಾಯುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಲೆಕ್ಕ ಇದೆ. ಕಾಯಿಲೆ ಸ್ತನದೊಳಗೇ ಇರುವಾಗ ಪತ್ತೆಯಾದವರಲ್ಲಿ 5 ವರ್ಷದ ನಂತರವೂ ಬದುಕಿರುವವರು ಶೇ 99ರಷ್ಟು. ಮೂಳೆ, ಶ್ವಾಸಕೋಶ, ಲಿವರ್‌ಗೆ ಹರಡಿದ ಮೇಲೆ ಪತ್ತೆಯಾದರೆ ಅದು ಶೇ 30ರ ಆಸುಪಾಸಿಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ 23 ಲಕ್ಷ ಹೆಂಗಸರಿಗೆ ಈ ಕಾಯಿಲೆ ಪತ್ತೆಯಾಯಿತು, 6 ಲಕ್ಷ 70 ಸಾವಿರ ಮಂದಿ ತೀರಿಕೊಂಡರು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸ್ಕ್ರೀನಿಂಗ್ ಅನ್ನುವುದು ಏನೂ ತೊಂದರೆ ಇಲ್ಲದವರು ಮಾಡಿಸಿಕೊಳ್ಳುವ ಪರೀಕ್ಷೆ. ಗಂಟೋ ಇನ್ನೇನೋ ಬದಲಾವಣೆಯೋ ಕಂಡವರಿಗೆ ಬೇಕಾದದ್ದು ರೋಗಪತ್ತೆಯ ಪರೀಕ್ಷೆ. ಎರಡರ ದಾರಿ ಬೇರೆ, ಅವಸರ ಬೇರೆ. ‘ಹೋದ ವರ್ಷ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ನಾರ್ಮಲ್ ಬಂದಿತ್ತು, ಮುಂದಿನ ವರ್ಷ ಹೇಗೂ ಮಾಡಿಸ್ತೀನಲ್ಲ’ ಅಂತ ಹೊಸ ಗಂಟನ್ನು ಇಟ್ಟುಕೊಂಡು ಕೂರುವವರಿದ್ದಾರೆ. ಹಾಗೆ ಮಾಡಲೇಬೇಡಿ.

ಮೊದಲ ಹೆಜ್ಜೆ: ನಿಮ್ಮ ಎದೆ ಮಾಮೂಲಿಯಾಗಿ ಹೇಗಿರುತ್ತೆ ಅಂತ ತಿಳಿದುಕೊಳ್ಳಿ

ಪ್ರತಿ ತಿಂಗಳು ಇಂಥ ದಿನ, ಇಂಥ ಕ್ರಮದಲ್ಲಿ ಸ್ವಂತ ಪರೀಕ್ಷೆ ಮಾಡಿಕೊಳ್ಳಿ ಅಂತ ಹಿಂದೆಲ್ಲ ಹೇಳುತ್ತಿದ್ದರು. ಚೀನಾದ ಶಾಂಘೈನಲ್ಲಿ ಜವಳಿ ಕಾರ್ಖಾನೆಗಳ 2,66,064 ಹೆಂಗಸರ ಮೇಲೆ ಇದನ್ನು ದೊಡ್ಡದಾಗಿ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಕಲಿಸಿದರು, ಉಳಿದವರಿಗೆ ಇಲ್ಲ. 2002ರಲ್ಲಿ ಬಂದ ಫಲಿತಾಂಶದಲ್ಲಿ ಸಾವಿನ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಕಲಿತವರಲ್ಲಿ ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಜಾಸ್ತಿಯಾಗಿತ್ತು. ಆಮೇಲೆ ಸಲಹೆಯೂ ಸಡಿಲವಾಯಿತು. ಕ್ಯಾಲೆಂಡರ್ ನೋಡಿ ಪರೀಕ್ಷೆ ಮಾಡಬೇಕಾಗಿಲ್ಲ. ಆದರೆ ನಿಮ್ಮ ದೇಹದ ಪರಿಚಯ ನಿಮಗಿರಲಿ. ಬದಲಾವಣೆ ಗೊತ್ತಾಗಬೇಕಾದರೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕಲ್ವಾ?

ಮುಟ್ಟಾಗುವವರಿಗೆ ಒಳ್ಳೆಯ ಸಮಯ ಮುಟ್ಟು ಮುಗಿದ ನಂತರದ ಕೆಲವು ದಿನ. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದು ಎಲ್ಲ ಕಡೆ ಗಂಟುಗಂಟಾಗಿ ಸಿಗುತ್ತದೆ, ಸುಮ್ನೆ ಗಾಬರಿ. ಕನ್ನಡಿ ಮುಂದೆ ನಿಂತು ಕೈ ಇಳಿಬಿಟ್ಟು ನೋಡಿ. ಕೈ ಮೇಲೆತ್ತಿ ನೋಡಿ. ಸೊಂಟದ ಮೇಲೆ ಕೈ ಒತ್ತಿ ನೋಡಿ. ಒಳಗೆ ಏನಾದರೂ ಹಿಡಿದು ಎಳೆಯುತ್ತಿದ್ದರೆ ಕೈ ಎತ್ತಿದಾಗ ಅಲ್ಲಿ ಚರ್ಮ ಗುಳಿ ಬೀಳುತ್ತದೆ. ಎಡ ಬಲ ಒಂದೇ ಸಮ ಇರಬೇಕು ಅಂತೇನಿಲ್ಲ. ಹೆಚ್ಚಿನವರಲ್ಲಿ ಒಂದು ಸ್ವಲ್ಪ ದೊಡ್ಡದೇ.

ಆಮೇಲೆ ಮಲಗಿ. ಯಾವ ಕಡೆ ನೋಡಬೇಕೋ ಆ ಕೈಯನ್ನು ತಲೆಯ ಕೆಳಗೆ ಇಟ್ಟುಕೊಳ್ಳಿ. ಇನ್ನೊಂದು ಕೈಯ ನಡುವಿನ ಮೂರು ಬೆರಳನ್ನು ಜೋಡಿಸಿ. ಬೆರಳ ತುದಿಯಿಂದ ಚುಚ್ಚಬೇಡಿ, ಬೆರಳಿನ ಮೆತ್ತಗಿನ ಭಾಗ ಚಪ್ಪಟೆಯಾಗಿ ತಾಗಲಿ. ಒಂದೊಂದು ಜಾಗದಲ್ಲೂ ಸಣ್ಣ ಸುತ್ತು ಸುತ್ತಿ, ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಒತ್ತಿ. ಕೊರಳ ಕೆಳಗಿನ ಮೂಳೆಯಿಂದ ಬ್ರಾ ಪಟ್ಟಿ ಬರುವ ಜಾಗದ ತನಕ, ಎದೆಯ ನಡುವಿನಿಂದ ಕಂಕುಳದ ತನಕ. ಕಂಕುಳ ಬಿಡಬೇಡಿ. ಮೇಲ್ಭಾಗದಲ್ಲಿ, ಕಂಕುಳದ ಕಡೆಗೆ ಇರುವ ಕಾಲು ಭಾಗದಲ್ಲೇ ಸುಮಾರು ಅರ್ಧದಷ್ಟು ಕ್ಯಾನ್ಸರ್ ಕಾಣಿಸಿಕೊಳ್ಳುವುದು.

ಗಟ್ಟಿ ಅಂದರೆ ಎಷ್ಟು ಗಟ್ಟಿ? ನಿಮ್ಮ ತುಟಿ ಒತ್ತಿ ನೋಡಿ, ಮೆತ್ತಗಿದೆ. ಮೂಗಿನ ತುದಿ ಒತ್ತಿ, ರಬ್ಬರಿನ ಹಾಗೆ. ಹಣೆ ಒತ್ತಿ, ಕಲ್ಲು. ಫೈಬ್ರೊಅಡಿನೋಮ ಅನ್ನುವ, ಹರೆಯದವರಲ್ಲಿ ಜಾಸ್ತಿ ಕಾಣುವ ನಿರಪಾಯದ ಗಂಟು ಮೂಗಿನ ತುದಿಯ ಹಾಗಿದ್ದು, ಬೆರಳಿಟ್ಟರೆ ಗೋಲಿಯಂತೆ ಜಾರುತ್ತದೆ. ಕ್ಯಾನ್ಸರ್ ಗಂಟು ಹೆಚ್ಚಾಗಿ ಹಣೆಯ ಹಾಗೆ, ಅಂಚು ಒರಟು, ಅತ್ತಿತ್ತ ಸರಿಯುವುದಿಲ್ಲ. ಇದು ಬೆರಳಿಗೆ ಅಂದಾಜು ಸಿಗಲಿ ಅಂತ ಹೇಳಿದ್ದು. ಮೆತ್ತಗೆ ಜಾರುವ ಕ್ಯಾನ್ಸರ್‌ಗಳೂ ಇವೆ. ಬೆರಳಿನಿಂದ ಮುಟ್ಟಿ ನೋಡಿ ಇಂಥದ್ದೇ ಅಂತ ತೀರ್ಮಾನ ಮಾಡಲು ಅನುಭವಿ ಡಾಕ್ಟರಿಗೂ ಆಗುವುದಿಲ್ಲ.

ಎರಡನೇ ಹೆಜ್ಜೆ: ಗಂಟೊಂದನ್ನೇ ಹುಡುಕುತ್ತಾ ಕೂರಬೇಡಿ

ಈ ಬದಲಾವಣೆಗಳನ್ನೂ ಗಮನಿಸಿ. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗಿ ಸಣ್ಣ ಸಣ್ಣ ಗುಳಿ ಬಿದ್ದಿರುವುದು. ಒಂದೇ ಕಡೆಯ ಗಾತ್ರ ಅಥವಾ ಆಕಾರ ಬದಲಾಗಿರುವುದು. ಇಷ್ಟು ದಿನ ಹೊರಗಿದ್ದ ತೊಟ್ಟು ಒಳಗೆ ಎಳೆದುಕೊಂಡಿರುವುದು. ಹುಟ್ಟಿದಾಗಿನಿಂದ ಒಳಗೇ ಇದ್ದರೆ ಅದು ನಿಮ್ಮ ಮಾಮೂಲಿ, ಚಿಂತೆ ಬೇಡ. ಕಂಕುಳಲ್ಲಿ ಅಥವಾ ಕೊರಳ ಮೂಳೆಯ ಹತ್ತಿರ ಗಂಟು.

ತೊಟ್ಟಿನಿಂದ ಏನಾದರೂ ಒಸರುತ್ತಿದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಿಂಡದೆ ತಾನಾಗಿ ಬರುತ್ತಿದೆಯಾ? ಒಂದೇ ಕಡೆಯಿಂದಾ? ರಕ್ತ ಬೆರೆತಿದೆಯಾ ಅಥವಾ ನೀರಿನಷ್ಟು ತಿಳಿಯಾಗಿದೆಯಾ? ಹೌದು ಅಂತಾದರೆ ತೋರಿಸಲೇಬೇಕು. ಎರಡೂ ಕಡೆ ಹಿಂಡಿದಾಗ ಮಾತ್ರ ಹಾಲಿನಂತೆಯೋ ಹಸಿರಾಗಿಯೋ ಬರುವುದು ಸಾಮಾನ್ಯವಾಗಿ ಕ್ಯಾನ್ಸರಿನದ್ದಾಗಿರುವುದಿಲ್ಲ. ಹಿಂಡಿ ಹಿಂಡಿ ನೋಡುವುದನ್ನು ನಿಲ್ಲಿಸಿ, ಅದರಿಂದಲೇ ಮತ್ತೆ ಮತ್ತೆ ಬರುತ್ತದೆ.

ಎರಡು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇವು ಬೇರೆ ಕಾಯಿಲೆಯ ವೇಷದಲ್ಲಿ ಬರುತ್ತವೆ. ಒಂದು, ತೊಟ್ಟಿನ ಮೇಲೆ ಕಜ್ಜಿಯಂತೆ ಕೆರೆತ, ಹೊಟ್ಟು, ಹಕ್ಕಳೆ. ಮುಲಾಮು ಹಚ್ಚಿ ಎರಡು ವಾರವಾದರೂ ವಾಸಿಯಾಗದಿದ್ದರೆ ಪ್ಯಾಜೆಟ್ ಕಾಯಿಲೆ ಅನ್ನುವ ಒಂದು ಬಗೆಯ ಸ್ತನ ಕ್ಯಾನ್ಸರ್ ಇರಬಹುದು. ಬಯಾಪ್ಸಿ ಮಾಡಿ ನೋಡಬೇಕಾಗುತ್ತದೆ. ಇನ್ನೊಂದು, ಕೆಲವೇ ವಾರದಲ್ಲಿ ಎದೆ ಕೆಂಪಾಗಿ, ಊದಿ, ಬಿಸಿಯಾಗುವುದು. ಹಾಲೂಡಿಸುವ ತಾಯಂದಿರಲ್ಲಿ ಇದು ಹೆಚ್ಚಾಗಿ ಸೋಂಕಿನ ಬಾವು, ಆ್ಯಂಟಿಬಯಾಟಿಕ್‌ಗೆ ಇಳಿಯುತ್ತದೆ. ಒಂದು ವಾರ, ಹತ್ತು ದಿನವಾದರೂ ಇಳಿಯದಿದ್ದರೆ, ಅದರಲ್ಲೂ ಹಾಲೂಡಿಸದವರಿಗೆ ಹೀಗಾದರೆ, ಇನ್ನೊಂದು ಕೋರ್ಸ್ ಮಾತ್ರೆ ನುಂಗುತ್ತಾ ಕೂರಬೇಡಿ. ಸ್ಕ್ಯಾನಿಂಗ್ ಮತ್ತು ಬಯಾಪ್ಸಿ ಬೇಕು ಅಂತ ನೀವೇ ಕೇಳಿ. ಹೀಗೆ ಬಾವಿನಂತೆ ಕಾಣಿಸಿಕೊಳ್ಳುವ ಉರಿಯೂತದ ಕ್ಯಾನ್ಸರ್ ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಶೇ 1ರಿಂದ 5ರಷ್ಟೇ. ಆದರೆ ಅದರಲ್ಲಿ ಎಷ್ಟೋ ಸಲ ಗಂಟೇ ಇರುವುದಿಲ್ಲ, ಓಟವೂ ಜೋರು.

ಗಂಡಸರೂ ಓದುತ್ತಿದ್ದರೆ, ನಿಮಗೂ ಇದು ಬರುತ್ತದೆ. ಒಟ್ಟು ರೋಗಿಗಳಲ್ಲಿ ಶೇ 0.5ರಿಂದ 1ರಷ್ಟು ಗಂಡಸರು. ತೊಟ್ಟಿನ ಕೆಳಗೆ ಒಂದೇ ಕಡೆ ಗಟ್ಟಿ ಗಂಟು ಸಿಕ್ಕರೆ ನಾಚಿಕೆ ಬಿಟ್ಟು ತೋರಿಸಿ.

ಮೂರನೇ ಹೆಜ್ಜೆ: ಏನಾದರೂ ಕಂಡರೆ

ಮುಟ್ಟಿಗೆ ಮುಂಚೆ ಅಸ್ಪಷ್ಟವಾಗಿ ಏನೋ ಸಿಕ್ಕಿತು ಅಂದರೆ ಆ ಮುಟ್ಟು ಮುಗಿಯುವ ತನಕ ಕಾಯಬಹುದು. ಆಮೇಲೂ ಇದ್ದರೆ ಹೋಗಿ. ಸ್ಪಷ್ಟವಾದ ಗಂಟಾದರೆ ಅಷ್ಟೂ ಕಾಯಬೇಡಿ. ಮುಟ್ಟು ನಿಂತವರಿಗೆ ಕಾಯುವ ಲೆಕ್ಕವೇ ಇಲ್ಲ. ಬಸುರಿ, ಬಾಣಂತಿಯರಲ್ಲಿ ‘ಹಾಲು ಕಟ್ಟಿದೆ’ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಹೆಚ್ಚಾಗಿ ಅದೇ ಆಗಿರುತ್ತದೆ. ಆದರೆ ಎರಡು ವಾರವಾದರೂ ಕರಗದಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ. ಅದರಿಂದ ಮಗುವಿಗೆ ಏನೂ ಆಗುವುದಿಲ್ಲ.

ಮೊದಲು ಹೋಗುವುದು ಹೆರಿಗೆ ಡಾಕ್ಟರ ಬಳಿಯೋ, ಜನರಲ್ ಸರ್ಜನ್ ಬಳಿಯೋ, ಯಾರಾದರೂ ಸರಿ. ಅಲ್ಲಿ ನಡೆಯಬೇಕಾದ್ದು ಮೂರು ಕೆಲಸ: ಕೈಯಿಂದ ಪರೀಕ್ಷೆ, ಚಿತ್ರ ತೆಗೆಯುವುದು, ಸೂಜಿಯಿಂದ ತುಣುಕು ತೆಗೆಯುವುದು. 30ರ ಒಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್, ಅದಕ್ಕಿಂತ ದೊಡ್ಡವರಿಗೆ ಮ್ಯಾಮೊಗ್ರಾಮ್ ಮತ್ತು ಅಲ್ಟ್ರಾಸೌಂಡ್. ಕೈಗೆ ಗಂಟು ಸಿಗುತ್ತಿದ್ದು ಮ್ಯಾಮೊಗ್ರಾಮ್ ನಾರ್ಮಲ್ ಬಂದರೆ ಅಲ್ಲಿಗೇ ಮುಗಿಯಲಿಲ್ಲ. ಮ್ಯಾಮೊಗ್ರಾಮ್ ಕಣ್ಣಿಗೂ ಕ್ಯಾನ್ಸರ್ ತಪ್ಪಿಹೋಗುವುದುಂಟು, ಸುಮಾರು 8ರಲ್ಲಿ 1.

ಬಯಾಪ್ಸಿ ಅಂದ ಕೂಡಲೇ ಜನ ಹೇಳುವುದು, ‘ಸೂಜಿ ಚುಚ್ಚಿದರೆ ಹರಡುತ್ತೆ.’ ಈ ಭಯಕ್ಕೆ ಎಷ್ಟು ಮಂದಿ ತಿಂಗಳುಗಟ್ಟಲೆ ಕಳೆದಿದ್ದಾರೋ. ಸೂಜಿಯಿಂದ ಕಾಯಿಲೆ ಹರಡಿ ಕೆಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಅದು ಸ್ವಲ್ಪ ಉರಿಯುತ್ತದೆ. ಆಮೇಲೆ ಸ್ಟೇಪ್ಲರ್ ಒತ್ತಿದಂತೆ ‘ಟಕ್’ ಅಂತ ಸದ್ದು. ನನಗೆ ನಾಲ್ಕು ಸಲ ಟಕ್ ಅಂದಿತು. ನೋವಿಗಿಂತ ಆ ಸದ್ದಿಗೇ ಬೆಚ್ಚಿದ್ದೆ. ಬಂದ ತುಣುಕು ದಾರದ ಚೂರಿನಷ್ಟಿತ್ತು. ಸಣ್ಣ ಸೂಜಿಯಿಂದ ಜೀವಕೋಶ ಮಾತ್ರ ತೆಗೆಯುವ ಎಫ್‌ಎನ್‌ಎಸಿಗಿಂತ ಈ ಕೋರ್ ಬಯಾಪ್ಸಿ ಉತ್ತಮ. ಕ್ಯಾನ್ಸರ್ ಅಂತ ಬಂದರೆ ಅದೇ ತುಣುಕಿನಲ್ಲಿ ಇಆರ್, ಪಿಆರ್ (ಹಾರ್ಮೋನಿಗೆ ಸ್ಪಂದಿಸುತ್ತದೆಯಾ ಅಂತ), ಹರ್2 (ಬೆಳೆಯಲು ನೆರವಾಗುವ ಒಂದು ಪ್ರೋಟೀನು) ಪರೀಕ್ಷೆ ಮಾಡಿ ಯಾವ ಔಷಧಿ ಹತ್ತುತ್ತದೆ ಅಂತ ನೋಡಬಹುದು. ಗಂಟನ್ನು ಮೊದಲೇ ಪೂರ್ತಿ ತೆಗೆದುಬಿಡೋಣ ಅಂತ ಯಾರಾದರೂ ಹೇಳಿದರೆ, ‘ಮೊದಲು ಕೋರ್ ಬಯಾಪ್ಸಿ ಆಗುವುದಿಲ್ಲವಾ ಡಾಕ್ಟರೇ?’ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ನಾಲ್ಕನೇ ಹೆಜ್ಜೆ: ನಿಮ್ಮ ಅಪಾಯ ಎಷ್ಟು ಅಂತ ಲೆಕ್ಕ ಹಾಕಿ

ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹೆಣ್ಣಾಗಿರುವುದು ಮತ್ತು ವಯಸ್ಸು ಬಿಟ್ಟರೆ ಬೇರೆ ಕಾರಣವೇ ಸಿಗುವುದಿಲ್ಲ. ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಅನ್ನುವುದು ಸಮಾಧಾನದ ಮಾತು, ಅಷ್ಟೆ. ವಂಶದಿಂದ ಬರುವುದು ಶೇ 5ರಿಂದ 10 ಮಾತ್ರ.

1713ರಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ, ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಅಂತ ಬರೆದಿದ್ದ. ಯಾಕೆ ಅನ್ನುವುದು ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಈಗ ನಮಗೆ ಗೊತ್ತು. ಬದುಕಿನಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಏರಿಳಿತ ಎಷ್ಟು ವರ್ಷ ನಡೆಯುತ್ತದೋ ಅಪಾಯ ಅಷ್ಟು ಹೆಚ್ಚು. 12ಕ್ಕಿಂತ ಮೊದಲು ಮೈನೆರೆಯುವುದು, 55ರ ಮೇಲೆ ಮುಟ್ಟು ನಿಲ್ಲುವುದು, ಮಕ್ಕಳಾಗದಿರುವುದು, 30ರ ಮೇಲೆ ಮೊದಲ ಮಗು, ಇವೆಲ್ಲ ಈ ಲೆಕ್ಕಕ್ಕೇ ಬರುತ್ತವೆ. ಹಾಲೂಡಿಸುವುದು ಅದನ್ನು ಇಳಿಸುತ್ತದೆ. 30 ದೇಶಗಳ 47 ಅಧ್ಯಯನ ಸೇರಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ 4.3ರಷ್ಟು ಇಳಿದಿತ್ತು. ಹಾಗಂತ ಮಗು ಹೆತ್ತು ಹಾಲೂಡಿಸಿದವರಿಗೆ ಬರುವುದೇ ಇಲ್ಲ ಅಂತಲ್ಲ. ಮಕ್ಕಳಿಲ್ಲದವರನ್ನು ‘ಅದಕ್ಕೇ ಬಂತು’ ಅಂತ ಆಡಿಕೊಳ್ಳುವ ಕೆಟ್ಟ ಚಾಳಿಗಂತೂ ಇದನ್ನು ಬಳಸಲೇಬೇಡಿ.

ನಮ್ಮ ಕೈಯಲ್ಲಿರುವುದೂ ಸ್ವಲ್ಪ ಇದೆ. ಮದ್ಯ, ಅದರಲ್ಲಿ ದಿನಕ್ಕೊಂದು ಗ್ಲಾಸೂ ಲೆಕ್ಕಕ್ಕೆ ಬರುತ್ತದೆ. ಮುಟ್ಟು ನಿಂತ ಮೇಲೆ ಏರುವ ತೂಕ. ಮೈ ಬಗ್ಗಿಸದ ದಿನಚರಿ. ಮುಟ್ಟು ನಿಂತ ನಂತರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿಸಿ ವರ್ಷಗಟ್ಟಲೆ ತೆಗೆದುಕೊಳ್ಳುವ ಹಾರ್ಮೋನ್ ಮಾತ್ರೆ. ಈ ಮಾತ್ರೆಗಳ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಕಪ್ಪು ಬ್ರಾ, ಬಿಗಿ ಬ್ರಾ, ಡಿಯೋಡರೆಂಟ್, ಎದೆಗೆ ಬಿದ್ದ ಪೆಟ್ಟು ಇವುಗಳಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ವಾಟ್ಸ್ಆ್ಯಪ್ ಸಂದೇಶ ಬಂದರೆ ಡಿಲೀಟ್ ಮಾಡಿ.

ಈಗ ಒಂದು ಕಾಗದ ತೆಗೆದುಕೊಂಡು ಬಂಧುಗಳ ಪಟ್ಟಿ ಬರೆಯಿರಿ. ಅಮ್ಮ, ಅಕ್ಕ, ತಂಗಿ, ಚಿಕ್ಕಮ್ಮ, ದೊಡ್ಡಮ್ಮ, ಅಜ್ಜಿ. ಇಷ್ಟಕ್ಕೇ ನಿಲ್ಲಿಸುವವರು ಬಹಳ. ಸೋದರತ್ತೆ, ಅಪ್ಪನ ಅಮ್ಮ, ಅಪ್ಪನ ಕಡೆಯ ಅಕ್ಕತಂಗಿಯರೂ ಸೇರಬೇಕು, ಯಾಕೆಂದರೆ ಈ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನ್ ದೋಷ ಅಪ್ಪನಿಂದಲೂ ಬರುತ್ತದೆ. ಯಾರಿಗಾದರೂ 50ರ ಒಳಗೆ ಸ್ತನ ಕ್ಯಾನ್ಸರ್, ಯಾರಿಗಾದರೂ ಅಂಡಾಶಯದ ಕ್ಯಾನ್ಸರ್, ಎರಡೂ ಕಡೆ ಬಂದದ್ದು, ಗಂಡಸರಿಗೆ ಬಂದದ್ದು ಇದ್ದರೆ ಗುರುತು ಹಾಕಿ ಡಾಕ್ಟರಿಗೆ ತೋರಿಸಿ. ಇಂಥ ಜೀನುಗಳಲ್ಲಿ ಬಿಆರ್‌ಸಿಎ1 ಅನ್ನು 1994ರಲ್ಲಿ, ಬಿಆರ್‌ಸಿಎ2 ಅನ್ನು 1995ರಲ್ಲಿ ಗುರುತಿಸಿದರು. ಇವುಗಳಲ್ಲಿ ದೋಷ ಇರುವ 100 ಹೆಂಗಸರಲ್ಲಿ 80 ವರ್ಷದೊಳಗೆ ಸುಮಾರು 70 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಹರೆಯದಲ್ಲಿ ಬೇರೆ ಕಾಯಿಲೆಗೆ ಎದೆಗೆ ರೇಡಿಯೇಷನ್ ತೆಗೆದುಕೊಂಡವರೂ ಜಾಸ್ತಿ ಅಪಾಯದ ಗುಂಪಿನವರೇ. ಇಂಥವರಿಗೆ ಮ್ಯಾಮೊಗ್ರಾಮ್ ಸಾಲದು, 25 ಅಥವಾ 30ರ ವಯಸ್ಸಿನಿಂದಲೇ ಎಂಆರ್‌ಐ ಬೇಕಾಗಬಹುದು. ಮುಂದೆ ಬರುವ ವಯಸ್ಸಿನ ಲೆಕ್ಕ ಇವರಿಗಲ್ಲ.

ಐದನೇ ಹೆಜ್ಜೆ: ಏನೂ ಲಕ್ಷಣ ಇಲ್ಲದಿದ್ದರೆ ಸ್ಕ್ರೀನಿಂಗ್

ಎಷ್ಟನೇ ವಯಸ್ಸಿಗೆ ಶುರು ಮಾಡಬೇಕು ಅನ್ನುವುದರಲ್ಲಿ ದೇಶ ದೇಶಗಳಿಗೇ ಒಮ್ಮತವಿಲ್ಲ. ಅಮೆರಿಕದ ಸರ್ಕಾರಿ ತಜ್ಞರ ಸಮಿತಿ 2024ರಿಂದ 40ರಿಂದ 74ರ ತನಕ 2 ವರ್ಷಕ್ಕೊಮ್ಮೆ ಅನ್ನುತ್ತದೆ. ಬ್ರಿಟನ್‌ನಲ್ಲಿ 50ರಿಂದ 71ರ ತನಕ 3 ವರ್ಷಕ್ಕೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ, ಸೌಕರ್ಯ ಚೆನ್ನಾಗಿರುವ ಕಡೆ 50ರಿಂದ 69ರ ತನಕ 2 ವರ್ಷಕ್ಕೊಮ್ಮೆ ಅನ್ನುತ್ತದೆ. 50 ದಾಟಿದವರು ಮಾಡಿಸಬೇಕು ಅನ್ನುವುದರಲ್ಲಿ ಜಗಳವಿಲ್ಲ. 40ರಿಂದ 50ರ ನಡುವಿನವರು ಮನೆತನದ ಚರಿತ್ರೆ ನೋಡಿಕೊಂಡು ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಿ. ನನ್ನನ್ನು ಕೇಳಿದರೆ, 40 ದಾಟಿದ ಮೇಲೆ ಆ ಮಾತುಕತೆ ಮುಂದೂಡಬೇಡಿ.

ಮ್ಯಾಮೊಗ್ರಾಮ್ ಯಂತ್ರವೇ ಹತ್ತಿರ ಇಲ್ಲದಿದ್ದರೆ? ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು 2 ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡುತ್ತಿದ್ದರು. 2021ರಲ್ಲಿ ಬಂದ ಫಲಿತಾಂಶದಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರ ಹತ್ತಿರ ಇಳಿದಿತ್ತು. ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ. ಪಳಗಿದ ಕೈಗೂ ಬೆಲೆ ಇದೆ ಅಂತಾಯಿತು.

ಸ್ಕ್ರೀನಿಂಗ್‌ಗೆ ಕೆಟ್ಟ ಮುಖವೂ ಇದೆ, ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಕ್ಯಾನ್ಸರ್ ಇಲ್ಲದಿದ್ದರೂ ಅನುಮಾನ ಹುಟ್ಟಿಸಿ ನಿದ್ದೆ ಕೆಡಿಸುತ್ತದೆ. ಬದುಕಿಡೀ ಏನೂ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಸಣ್ಣ ಕ್ಯಾನ್ಸರನ್ನೂ ಹಿಡಿದು ಚಿಕಿತ್ಸೆಗೆ ಎಳೆಯುತ್ತದೆ. ಯಾವುದು ಸುಮ್ಮನಿರುತ್ತದೆ, ಯಾವುದು ಬೆಳೆಯುತ್ತದೆ ಅಂತ ಮೊದಲೇ ಹೇಳಲು ಇನ್ನೂ ಆಗುತ್ತಿಲ್ಲ.

ಪರೀಕ್ಷೆಯ ದಿನ ಕಂಕುಳಿಗೆ ಡಿಯೋಡರೆಂಟ್, ಪೌಡರ್ ಬೇಡ. ಅದರ ಕಣಗಳು ಚಿತ್ರದಲ್ಲಿ ಅನುಮಾನ ಹುಟ್ಟಿಸುವ ಕ್ಯಾಲ್ಸಿಯಂ ಚುಕ್ಕೆಗಳ ಹಾಗೆ ಕಾಣುತ್ತವೆ. ಮೇಲಿನ ಬಟ್ಟೆ ಬೇರೆಯಾಗಿ ತೆಗೆಯುವಂಥ ಉಡುಪು ಹಾಕಿಕೊಳ್ಳಿ. ಮುಟ್ಟು ಮುಗಿದ ವಾರದಲ್ಲಿ ಹೋದರೆ ನೋವು ಕಡಿಮೆ. ಸ್ತನವನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ. ಒತ್ತಿದಷ್ಟೂ ಚಿತ್ರ ಸ್ಪಷ್ಟ, ಕಿರಣವೂ ಕಡಿಮೆ ಸಾಕು. ಒಂದೊಂದು ಕಡೆಗೆ ಎರಡು ಚಿತ್ರ, ಪ್ರತಿ ಸಲ ಕೆಲವೇ ಸೆಕೆಂಡು. ‘ಉಸಿರು ಹಿಡಿಯಿರಿ’ ಅನ್ನುತ್ತಾರೆ, ನೀವು ಹೇಗೂ ಹಿಡಿದೇ ಇರುತ್ತೀರಿ. ಇಡೀ ಪರೀಕ್ಷೆಯ ಕಿರಣ ಸುಮಾರು 0.4 ಮಿಲಿಸೀವರ್ಟ್, ಅಂದರೆ ನೆಲ, ಗಾಳಿಯಿಂದ ಏಳು ವಾರದಲ್ಲಿ ಹೇಗೂ ನಮ್ಮ ಮೈಗೆ ಸೇರುವಷ್ಟು.

ಆರನೇ ಹೆಜ್ಜೆ: ರಿಪೋರ್ಟ್ ಓದುವುದು

ರಿಪೋರ್ಟಿನ ಕೊನೆಗೆ ಬೈರಾಡ್ಸ್ (BI-RADS) ಅಂತ, ಚಿತ್ರ ನೋಡಿ ಎಷ್ಟು ಅನುಮಾನ ಅಂತ ತಿಳಿಸುವ ಒಂದು ಅಂಕಿ ಇರುತ್ತದೆ. ಮೊದಲ ಸಲ ನೋಡುವವರು ಅದನ್ನು ಕ್ಯಾನ್ಸರಿನ ಸ್ಟೇಜ್ ಅಂತ ತಿಳಿದು ಕುಸಿದು ಕೂರುತ್ತಾರೆ. ಸ್ಟೇಜಿಗೂ ಇದಕ್ಕೂ ಸಂಬಂಧವಿಲ್ಲ. 0 ಅಂದರೆ ಚಿತ್ರ ಸಾಲದು, ಇನ್ನಷ್ಟು ಬೇಕು. 1 ಅಂದರೆ ಏನೂ ಇಲ್ಲ, 2 ಅಂದರೆ ಇರುವುದು ನಿರಪಾಯ. 3 ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. ಆ ತಾರೀಖನ್ನು ಫೋನಿನಲ್ಲಿ ಹಾಕಿಕೊಳ್ಳಿ, ಮರೆಯುವುದು ಇಲ್ಲೇ. 4 ಮತ್ತು 5 ಬಂದರೆ ಬಯಾಪ್ಸಿ. 4ರ ಹರವು ದೊಡ್ಡದು, ಶೇ 2ರಿಂದ 95ರ ತನಕ. ಹಾಗಾಗಿ 4ಎ, 4ಬಿ, 4ಸಿ ಅಂತ ಒಡೆದು ಬರೆದಿರುತ್ತಾರೆ, ಅದನ್ನು ಕೇಳಿ ತಿಳಿದುಕೊಳ್ಳಿ. 6 ಅಂದರೆ ಬಯಾಪ್ಸಿಯಲ್ಲಿ ಆಗಲೇ ಖಾತ್ರಿಯಾಗಿದೆ.

ಸ್ಕ್ರೀನಿಂಗ್ ಮಾಡಿಸಿ ‘ಮತ್ತೆ ಬನ್ನಿ’ ಅಂತ ಕರೆ ಬಂದರೆ ಅಮೆರಿಕದ ಈ ಲೆಕ್ಕ ನೆನಪಿರಲಿ. ಅಲ್ಲಿ 100 ಮಂದಿಯಲ್ಲಿ ಸುಮಾರು 10 ಮಂದಿಯನ್ನು ಮತ್ತೆ ಕರೆಯುತ್ತಾರೆ. ಆ 10ರಲ್ಲಿ ಕ್ಯಾನ್ಸರ್ ಸಿಗುವುದು ಒಬ್ಬರಿಗೂ ಕಡಿಮೆ. ರಿಪೋರ್ಟಿನಲ್ಲಿ ‘ಡೆನ್ಸ್’ ಅಂತ ಬರೆದಿದ್ದರೆ ಕೊಬ್ಬು ಕಡಿಮೆ, ಗ್ರಂಥಿ ಜಾಸ್ತಿ ಅಂತ ಅರ್ಥ. ಅದೂ ಎಕ್ಸ್‌ರೇಯಲ್ಲಿ ಬೆಳ್ಳಗೆ, ಕ್ಯಾನ್ಸರೂ ಬೆಳ್ಳಗೆ, ಮಂಜಿನಲ್ಲಿ ಬಿಳಿ ಬೆಕ್ಕು ಹುಡುಕಿದ ಹಾಗೆ. ಜೊತೆಗೆ ಅಲ್ಟ್ರಾಸೌಂಡ್ ಬೇಕಾ ಅಂತ ಕೇಳಿ.

ಫಿಲ್ಮ್, ಸಿಡಿ, ರಿಪೋರ್ಟು ಎಲ್ಲವನ್ನೂ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ. ನನ್ನ ಎರಡನೇ ಮ್ಯಾಮೊಗ್ರಾಮ್‌ನಲ್ಲಿ ಒಂದು ಚುಕ್ಕೆ ಕಂಡಿತ್ತು. ಡಾಕ್ಟರು ಹಳೆಯ ಫಿಲ್ಮನ್ನು ದೀಪಕ್ಕೆ ಹಿಡಿದು ಎರಡನ್ನೂ ಪಕ್ಕಪಕ್ಕ ನೋಡಿದರು. ಅದೇ ಚುಕ್ಕೆ, ಅದೇ ಜಾಗ, ಅಷ್ಟೇ ಗಾತ್ರ. ‘ಇದು ಆಗಲೂ ಇತ್ತು, ಹೋಗಿ ಬನ್ನಿ’ ಅಂದರು.